ಕಲ್ಲಂಗಡಿ ಎಲ್ಲಿ?

ಮೃಗಾಲಯದ ಅಡುಗೆಮನೆ ನಮ್ಮಣ್ಣನದು, ಟೇಪಿರ್ ಅಂಗಳ ನನ್ನದು. ಅವನು ಹಣ್ಣು ಹೆಚ್ಚುತ್ತಾನೆ, ನಾನು ಲದ್ದಿ ಬಾಚುತ್ತೇನೆ. ಯಾರ ಕೆಲಸ ಹೆಚ್ಚು ಎಂಬ ಜಗಳ ಇನ್ನೂ ಮುಗಿದಿಲ್ಲ.

ಟೇಪಿರ್ ಎಂದರೆ ಹಂದಿಯಂಥ ಮೈ, ಮುಖದ ತುದಿಗೊಂದು ಮೋಟು ಸೊಂಡಿಲು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಮಾಡಿದವನಿಗೆ ಕೊನೆಯಲ್ಲಿ ಬೆರಳು ಸಾಲದೆ ಬಂತೇನೋ. ಅಂಥ ತಾಯಿಗೆ ಹುಟ್ಟಿದ ಮರಿ ಮಾತ್ರ ಕಂದು ಮೈತುಂಬ ಬಿಳಿ ಪಟ್ಟೆ, ಬಿಳಿ ಚುಕ್ಕೆ ಹೊತ್ತು ಬಂದಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇದು ಹೆರದ ನನಗೂ ಮುದ್ದೇ. ನೋಡಿದ ಕೂಡಲೇ ಅಣ್ಣ "ಕಲ್ಲಂಗಡಿ" ಎಂದ. ಎಲ್ಲರೂ ಹಾಗೇ ಕರೆದರು, ನನ್ನೊಬ್ಬಳನ್ನು ಬಿಟ್ಟು.

ಹಿಂದಿನ ಮರಿಗೆ ಹುಟ್ಟಿದ ದಿನವೇ ಚೆಂದದ ಹೆಸರಿಟ್ಟಿದ್ದೆ. ವಾರ ತುಂಬುವ ಮೊದಲೇ ಅದು ಸತ್ತಿತು, ಹೆಸರು ನನ್ನ ಬಾಯಲ್ಲೇ ಉಳಿಯಿತು. ಅದಕ್ಕೇ ಪಟ್ಟೆ ಅಳಿಸಿಹೋಗಿ ದೊಡ್ಡದಾಗುವವರೆಗೂ ಇದು ಬರೀ "ಮರಿ" ಎಂದು ಹಟ ಹಿಡಿದಿದ್ದೆ. ಹೆಸರಿಡದಿದ್ದರೆ ಪ್ರೀತಿಯೂ ಹದ್ದುಬಸ್ತಿನಲ್ಲಿರುತ್ತದೆ ಎಂಬ ಲೆಕ್ಕಾಚಾರ ನನ್ನದು.

ಒಂದು ಬೆಳಿಗ್ಗೆ ಸೊಪ್ಪು ಹೊತ್ತು ಹೋದರೆ ಮರಿ ಇಲ್ಲ. ತಾಯಿ ಕೊಳದಲ್ಲಿ ಮುಳುಗಿ, ಕಿವಿ ಮೂತಿ ಮಾತ್ರ ಹೊರಗಿಟ್ಟುಕೊಂಡು ಹಾಯಾಗಿತ್ತು. ಮರದಡಿ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಆ ಮೈಬಣ್ಣದ ಮರಿ ಅಲ್ಲಿ ಮಲಗಿದರೆ ಕಾಲ ಬುಡದಲ್ಲಿದ್ದರೂ ಕಾಣದು. ಪೊದೆ ಪೊದೆಗೂ ಕೈಯಾಡಿಸಿದೆ, ಸಿಗಲಿಲ್ಲ. ಬೇಲಿ ನುಸುಳಿ ಅಡುಗೆಮನೆ ಕಡೆ ಹೋಯಿತೋ ಏನೋ ಎಂದು ವಾಕಿಟಾಕಿ ಒತ್ತಿದೆ. ಮರಿ ಎಂದರೆ ಯಾವ ಮರಿ ಎನ್ನುತ್ತಾರೆ. ಇಲ್ಲಿ ಬೇಕಾದಷ್ಟು ಮರಿಗಳಿವೆ.

"ಅಣ್ಣಾ, ಕಲ್ಲಂಗಡಿ ಅಲ್ಲಿಗೆ ಬಂತಾ?"

"ಆಗ್ಲೇ ಬಂತಲ್ಲ. ಹೆಚ್ಚಿ ಕರಡಿಗೂ ಹಾಕಿದ್ದಾಯ್ತು."

ಅಡುಗೆಮನೆ ಕಡೆ ನಾಲ್ಕು ಹೆಜ್ಜೆ ಓಡಿದೆ. ಆಮೇಲೆ ಅರ್ಥವಾಯಿತು. ನನ್ನ ಬಾಯಲ್ಲಿ ಕಲ್ಲಂಗಡಿ ಎಂದರೆ ಅವನಿಗೆ ಹಣ್ಣೇ.

"ಅಯ್ಯೋ ನಿನ್ನ! ಹಣ್ಣಲ್ಲ, ನನ್ನ ಕಲ್ಲಂಗಡಿ! ಕಾಣಿಸ್ತಿಲ್ಲ ಕಣಣ್ಣ!"

ಆ ಕಡೆ ವಾಕಿಟಾಕಿ ಕೆಳಗೆ ಬಿದ್ದ ಸದ್ದಾಯಿತು.

ಇನ್ನು ಉಳಿದದ್ದು ಕೊಳವೊಂದೇ. ನೀರು ಕದಡಿಹೋಗಿತ್ತು. ಇದೂ ಹೋಯಿತು ಎಂದುಕೊಂಡೆ. ಹಟವೂ ಇಲ್ಲ, ಲೆಕ್ಕಾಚಾರವೂ ಇಲ್ಲ, ಸೊಂಟದ ಮಟ್ಟ ನೀರಿಗಿಳಿದು "ಕಲ್ಲಂಗಡೀ!" ಎಂದು ಕೂಗಿದೆ.

ಟೇಪಿರ್ ಕೂಗುವ ಸೀಟಿ ಕೇಳಿಸಿತು. ತೆಳ್ಳಗೆ, ನನ್ನನ್ನೇ ಬೈಯುವ ಹಾಗೆ. ತಾಯಿಯ ಮಗ್ಗುಲಲ್ಲಿ ಹೆಬ್ಬೆರಳು ಗಾತ್ರದ ಇನ್ನೊಂದು ಮೂತಿ ನೀರಿನ ಮೇಲೆ ನಿಂತಿತ್ತು. ಆ ಮೂತಿಯನ್ನೇ ಕೊಳವೆ ಮಾಡಿಕೊಂಡು ಉಸಿರೆಳೆಯುತ್ತ, ಮಿಕ್ಕ ಮೈಯನ್ನೆಲ್ಲ ನೀರಲ್ಲಿಟ್ಟು, ನನ್ನ ಮಗು ಈಜು ಕಲಿಯುತ್ತಿತ್ತು. ಹೋದ ಜೀವ ಬಂದಂತಾಗಿ ನಾನು ನಿಂತಲ್ಲೇ ಗೊಳೋ ಎಂದು ಅತ್ತೆ.

ಅಣ್ಣ ಚಾಕು ಹಿಡಿದೇ ಓಡಿ ಬಂದ. ಇಬ್ಬರನ್ನೂ ನೋಡಿ ದಡದಲ್ಲಿ ಕುಸಿದು ಕೂತ.

"ಅಂತೂ ಹೆಸರು ಹಿಡಿದು ಕೂಗ್ದೆ."

"ಪಟ್ಟೆ ಅಳಿಸಿಹೋದ್ಮೇಲೂ ಕಲ್ಲಂಗಡಿ ಅಂದ್ರೆ ಜನ ನಗ್ತಾರೆ."

"ನಗ್ಲಿ ಬಿಡು. ನಿಂಗೆ ಮೊಮ್ಮಕ್ಕಳಾದ್ರೂ ನಾನು ಪುಟ್ಟಿ ಅಂತಾನೇ ಕರೀತಿಲ್ವಾ?"

ಚಾಕು ಪಕ್ಕಕ್ಕಿಟ್ಟು ಕೈ ಚಾಚಿದ. "ಬಾ ಪುಟ್ಟಿ, ಮೇಲೆ ಬಾ."

ಎಳೆದ. ಪುಟ್ಟಿಯ ಭಾರಕ್ಕೆ ತಾನೇ ದಬಕ್ಕನೆ ನೀರಿಗೆ ಬಿದ್ದ. ಕಲ್ಲಂಗಡಿ ಇನ್ನೊಮ್ಮೆ ಸೀಟಿ ಹೊಡೆಯಿತು.