ವಾರಕ್ಕೊಂದು ಸಲ, ಐದು ನಿಮಿಷ

ಮಾಸ್ಕಿನೊಳಗಿನ ಉಸಿರಿಗೆ ಕನ್ನಡಕ ಮತ್ತೆ ಮಬ್ಬಾಯಿತು, ಪರದೆಯ ಮೇಲಿನ ಅಕ್ಷರಗಳೆಲ್ಲ ಕಲಸಿಹೋದವು, ಹೋಗಲಿ, ಅವನ್ನು ಓದಿ ಓದಿ ಅವಳಿಗೂ ಸಾಕಾಗಿದೆ — ವಿಮಾನ ಎಂಜಿನಿಯರಿಂಗ್ ವಿಭಾಗದಿಂದ ಹಳೆಯ ವಿದ್ಯಾರ್ಥಿಗಳಿಗೆ ವಾರ್ತಾಪತ್ರ, ಹತ್ತೊಂಬತ್ತು ವರ್ಷದಿಂದ ಟೈಪು ಮಾಡುವವಳು ಅವಳೇ, ಕಚೇರಿಗೆ ಅವಳೊಬ್ಬಳೇ ಗುಮಾಸ್ತೆ, ಕಾಲೇಜು ಮುಚ್ಚಿದ ಮೇಲಂತೂ ಇಡೀ ಕಟ್ಟಡಕ್ಕೇ ಅವಳೊಬ್ಬಳು, ಮತ್ತೆ ಮಾಸ್ಕು ಯಾರಿಗಾಗಿ, ಆದರೂ ಬಿಚ್ಚಲು ಕೈ ಬಾರದು. ಸಂತೋಷದ ಸುದ್ದಿ ಮುಂದಿರಲಿ ಮೇಡಂ, ಓದಿದವರಿಗೆ ಸ್ವಲ್ಪ ಹುರುಪು ಬರಬೇಕು, ಎಂದಿದ್ದರು ಮುಖ್ಯಸ್ಥರು ಬೆಳಗ್ಗೆ ಫೋನಿನಲ್ಲಿ, ಹುರುಪಂತೆ, ಅವರ ದನಿಯೇ ಬಾಡಿದ ಸೊಪ್ಪಾಗಿತ್ತು, ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ನಾಲ್ಕು ದಿನ, ಆದರೂ ಪಟ್ಟಿ ಕಳಿಸಿದ್ದಾರೆ ಪುಣ್ಯಾತ್ಮ — ಊಟದ ಮೇಜಿನ ಮೇಲೆ ಡ್ರೋನ್ ಕಟ್ಟಿದ ಮೂರನೇ ವರ್ಷದವರು, ಆಸ್ಪತ್ರೆಗೆ ಮಾಡಿಕೊಟ್ಟ ಆರುನೂರು ಫೇಸ್ ಶೀಲ್ಡು, ಪರದೆಯಲ್ಲೇ ಮುಗಿದ ಪದವಿ ಪ್ರದಾನ, ಆಮೇಲೆ ಶ್ರದ್ಧಾಂಜಲಿ. ಅಲ್ಲಿ ಪಾಠ ಮಾಡಿದವರಿಗೆ ಮಾತ್ರ ಜಾಗ, ಉಳಿದವರಿಗೆ ಒಂದು ಸಾಲು ಸಾಕು. ಉಳಿದವರು ಎಂದರೆ ಗಾಳಿಯಣ್ಣ, ಇನ್ಯಾರು, ವಿಮಾನದ ಮಾದರಿಗಳ ಮೇಲೆ ಗಾಳಿ ಹಾಯಿಸಿ ನೋಡುವ ಆ ಉದ್ದನೆಯ ಸುರಂಗವನ್ನು ಮೂವತ್ತೊಂದು ವರ್ಷ ಮಗುವಿನಂತೆ ಸಾಕಿದ ಮೆಕ್ಯಾನಿಕ್, ತೀರಿಕೊಂಡು ಹದಿನೆಂಟು ದಿನ. ಫೋಟೋ ಇದ್ದರೆ ಕಳಿಸಿ ಎಂದು ಹಳಬರಿಗೆ ಬರೆದರೆ ನಲವತ್ತು ಬಂದವು, ಎಲ್ಲದರಲ್ಲೂ ಹುಡುಗ ಹುಡುಗಿಯರು ಹಲ್ಲು ಕಿರಿದು ನಿಂತಿದ್ದಾರೆ, ಅಂಚಿನಲ್ಲಿ ಅವನದೊಂದು ಮೊಣಕೈ, ಒಂದರಲ್ಲಿ ಅರ್ಧ ಬೆನ್ನು. ಮುಖ್ಯಸ್ಥರಿಗೆ ತಾನೇ ಫೋನು ಮಾಡಿದಳು, ಸಾರ್, ಎಲ್ಲರೂ ಕೇಳ್ತಿರೋದು ಗಾಳಿಯಣ್ಣ ಅವರನ್ನೇ, ಅವರನ್ನ ಮೊದಲ ಪುಟಕ್ಕೆ ಹಾಕ್ತೀನಿ, ನಿಮ್ಮ ಸಂದೇಶ ನಾಲ್ಕಕ್ಕೆ ಹೋದರೆ ಬೇಜಾರಿಲ್ಲ ತಾನೆ. ಎಲ್ಲಿಂದ ಬಂತೋ ಅವಳಿಗೆ ಆ ಧೈರ್ಯ. ಆ ಕಡೆಯಿಂದ, ನನ್ನ ಪ್ರಾಜೆಕ್ಟಿಗೂ ಅವರೇ ಫ್ಯಾನು ಹಾಕಿದ್ದು ಮೇಡಂ, ನಿಮ್ಮಿಷ್ಟ.

ಹಾಕಿದಳು, ಮೊಣಕೈಯನ್ನೇ ದೊಡ್ಡದು ಮಾಡಿ ಹಾಕಿದಳು, ಇನ್ನು ಉಳಿದದ್ದು ಪಟ್ಟಿಯ ಕೊನೆಯ ಸಾಲು, ಸುರಂಗ ಸುಸ್ಥಿತಿಯಲ್ಲಿದೆ — ಬೆರಳು ಅಲ್ಲೇ ನಿಂತಿತು, ಸುಸ್ಥಿತಿ ಎಂದು ಹೇಳಲು ಅವಳ್ಯಾರು. ತೀರಿಕೊಳ್ಳುವ ಮುಂಚೆ ಆಸ್ಪತ್ರೆಯಿಂದ ಗಾಳಿಯಣ್ಣನ ಫೋನು ಬಂದಿತ್ತು, ತಂಗ್ಯಮ್ಮ, ಫ್ಯಾನು ತಿರುಗಿ ತಿಂಗಳಾಯ್ತು, ಸುಮ್ಮನೆ ಕೂತರೆ ಬೇರಿಂಗು ಹಿಡ್ಕೊಳ್ಳುತ್ತೆ, ವಾರಕ್ಕೊಂದು ಸಲ ಐದು ನಿಮಿಷ ಓಡಿಸಮ್ಮ. ಅಯ್ಯೋ ಅಣ್ಣ, ನನಗೆ ಮಿಕ್ಸಿ ಬಿಟ್ಟರೆ ಬೇರೆ ಮೋಟಾರು ಗೊತ್ತಿಲ್ಲ. ನಕ್ಕ, ನಗು ಕೆಮ್ಮಾಯಿತು, ಕೆಮ್ಮು ಮುಗಿಯಲೇ ಇಲ್ಲ. ಸುರಂಗದ ಕೋಣೆಯ ಬೀಗದ ಕೈ ಅವಳ ಡ್ರಾಯರಿನಲ್ಲೇ ಇತ್ತು, ನಾಳೆ ಎಂದಳು, ನಾಡಿದ್ದು ಎಂದಳು, ಕತ್ತಲ ಕೋಣೆ, ಒಬ್ಬಳೇ, ಏನಾದರೂ ಸುಟ್ಟುಹೋದರೆ ಯಾರು ಉತ್ತರ ಹೇಳುವುದು. ಮುಂದಿನ ವಾರ ಮತ್ತೆ ಫೋನು, ಓಡಿಸಿದ್ಯಾ. ಹ್ಞೂಂ ಅಣ್ಣ, ಓಡಿಸಿದೆ, ಚೆನ್ನಾಗಿದೆ. ಸದ್ದು ಹೇಗಿತ್ತು? ಚೆನ್ನಾಗಿತ್ತು. ಆಯ್ತಮ್ಮ, ಎಂದ. ಸುಳ್ಳೆಂದು ಗೊತ್ತಾಗಿತ್ತು ಅವನಿಗೆ, ಆದರೂ ಬೈಯಲಿಲ್ಲವಲ್ಲ, ಬೈದಿದ್ದರೆ ಅಂದೇ ಓಡಿಹೋಗಿ ಓಡಿಸುತ್ತಿದ್ದಳು, ಆಮೇಲೆ ಅವನ ಫೋನೇ ಬರಲಿಲ್ಲ.

ಎದ್ದಳು, ಕೀಲಿ ತೆಗೆದಳು, ಮೆಟ್ಟಿಲಿಳಿದಳು, ಮಂಡಿ ನೋವು, ಬಾಗಿಲು ತೆರೆದರೆ ಎಣ್ಣೆಯ ವಾಸನೆ, ದೂಳು, ದೀಪ ಹಾಕಿದರೆ ಫಲಕದ ಮೇಲೆ ಅವನದೇ ಕೈಬರಹ, ಬಾಗಿಲು ಮುಚ್ಚಿದೆಯಾ ನೋಡು, ಹಸಿರು ಒತ್ತು, ನಿಧಾನ. ನೋಡಿದಳು, ಒತ್ತಿದಳು. ಏನಿಲ್ಲ. ಆಮೇಲೆ ಎಲ್ಲೋ ಒಳಗೆ ಹಳೆಯ ಬಾಗಿಲಿನಂಥ ನರಳಾಟ, ಬೇರಿಂಗು ಹಿಡ್ಕೊಂಡೇ ಬಿಟ್ಟಿದೆ, ನನ್ನಿಂದಲೇ — ಇಲ್ಲ, ತಿರುಗಿತು, ಗುಂಯ್ ಎಂದಿತು, ನೆಲ ಅದುರಿತು, ಅವಳು ವೇಗದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು, ಗಾಜಿನಾಚೆ ಒಂದು ರೆಕ್ಕೆ, ಕಾಲೇಜು ಮುಚ್ಚಿದ ದಿನ ವಿದ್ಯಾರ್ಥಿಗಳು ಹಾಗೇ ಬಿಟ್ಟು ಹೋದದ್ದು, ಗಾಳಿ ಹೇಗೆ ಹರಿಯುತ್ತದೆಂದು ನೋಡಲು ಅದರ ತುಂಬ ಅಂಟಿಸಿದ ಕೆಂಪು ಉಣ್ಣೆಯ ಎಳೆಗಳು, ಜೋತುಬಿದ್ದಿದ್ದವು, ಈಗ ಒಂದೊಂದೇ ತಲೆಯೆತ್ತಿದವು, ಐದು ನಿಮಿಷ ಅಂದಿದ್ದ, ಗಡಿಯಾರ ನೋಡಬೇಕು, ನೋಡಲಿಲ್ಲ, ಎಲ್ಲ ಎಳೆಗಳೂ ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಮಲಗಿದವು, ಎಲ್ಲವೂ, ರೆಕ್ಕೆಯ ತುದಿಯಲ್ಲಿ ಒಂದು ಬಿಟ್ಟು, ಅದೊಂದು ಮಲಗಲೊಲ್ಲದು, ಅದು ಸುತ್ತುತ್ತಿದೆ, ಕೆಂಪು ಎಳೆ, ಅಲ್ಲೇ, ಸುತ್ತುತ್ತಲೇ ಇದೆ