ಹತ್ತನೆಯ ವಿದ್ಯಾರ್ಥಿ

ಪ್ರಿನ್ಸಿಪಾಲರು ಕುರ್ಚಿ ತೋರಿಸಿ, ಕುಡಿಯಲು ನೀರು ತರಿಸಿದಾಗಲೇ ನನಗೆ ಅನುಮಾನ ಬಂತು. ಇಷ್ಟು ವರ್ಷ ಆ ಕೋಣೆಯಲ್ಲಿ ನಾನು ನಿಂತೇ ಮಾತಾಡಿದವಳು.

"ಹತ್ತು ಜನ ಇಲ್ಲದ ವಿಭಾಗಕ್ಕೆ ಸರ್ಕಾರ ಇನ್ಮೇಲೆ ದುಡ್ಡು ಕೊಡಲ್ಲ ಮೇಡಂ. ನಿಮ್ಮ ಭೂವಿಜ್ಞಾನಕ್ಕೆ ಒಂಬತ್ತೇ ಜನ."

"ಗೊತ್ತು ಸಾರ್. ಬಿಸಿಲಲ್ಲಿ ಮನೆಮನೆ ಅಲೆದು ಅವರನ್ನ ಕರ್ಕೊಂಡು ಬಂದವಳು ನಾನೇ."

"ಹತ್ತನೆಯವಳು ನಿಮ್ಮ ಮನೇಲೇ ಇದ್ದಾಳಲ್ಲ" ಎಂದು ನಕ್ಕರು. "ಸೇರಿಸೋಕೆ ನಾಳೆ ಕೊನೇ ದಿನ. ವಿಭಾಗವೂ ಉಳಿಯುತ್ತೆ, ನಿಮ್ಮ ಕೆಲಸವೂ ಉಳಿಯುತ್ತೆ."

ಮಗಳಿಗೆ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬೀದಿಯ ಕುಂಟು ನಾಯಿಗಳಿಗೆಲ್ಲ ನನ್ನ ಹಳೇ ಸೀರೆ ಹರಿದು ಪಟ್ಟಿ ಕಟ್ಟುತ್ತ ಬೆಳೆದವಳು ಅವಳು.

ಸಂಜೆ ಈರುಳ್ಳಿ ಹೆಚ್ಚುತ್ತ ವಿಷಯ ಹೇಳಿದೆ. ಅವಳು ತಟ್ಟೆ ಒರೆಸುತ್ತಿದ್ದಳು.

"ನಿನ್ನ ಕೆಲಸ ಹೋದ್ರೆ ನನ್ನನ್ನ ಓದಿಸೋದು ಯಾರಮ್ಮಾ? ಸೇರ್ತೀನಿ ಬಿಡು. ಕಲ್ಲಾದ್ರೆ ಕಚ್ಚೋದೂ ಇಲ್ಲ."

ಅವಳ ಆ ಸಮಾಧಾನ ಕಂಡೇ ನನಗೆ ಮೈ ಉರಿಯಿತು. "ಬಾಯಿ ಮುಚ್ಚು. ಅವರ ಲೆಕ್ಕ ತುಂಬಿಸೋಕೆ ನಿನ್ನ ಹೆತ್ತಿಲ್ಲ."

ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಗೆ ಹೋದ ನಾನು ಕೂರಲಿಲ್ಲ.

"ಆಗಲ್ಲ ಸಾರ್. ನಿಮ್ಮ ಮಗನೂ ಈ ವರ್ಷವೇ ತಾನೇ ಕಾಲೇಜು ಸೇರೋದು? ಅವನನ್ನ ಸೇರಿಸಿ."

"ಅವನಿಗೆ ಬೇರೆ ಕಾಲೇಜಲ್ಲಿ ಫೀಸು ಕಟ್ಟಿಬಿಟ್ಟಿದೀನಿ. ಇಲ್ಲೇನಿದೆ ಮೇಡಂ?"

ಬಾಯಿ ತಪ್ಪಿ ಬಂದ ಮಾತು. ಹಿಂದೆಯೇ ಮೇಜಿನ ಮೇಲೆ ಕೈ ಚಾಚಿದರು. "ಪ್ರಯೋಗಾಲಯದ ಕೀಲಿ ಕೊಟ್ಟುಬಿಡಿ. ಆ ಒಂಬತ್ತು ಜನರನ್ನ ವಾಣಿಜ್ಯಕ್ಕೆ ಹಾಕ್ತೀವಿ."

"ಹಾಕೋಕೆ ಅವರೇನು ಮೂಟೆಗಳಾ?"

ಕೀಲಿಯನ್ನು ಮುಷ್ಟಿಯಲ್ಲೇ ಹಿಡಿದು ಹೊರಟೆ. ಹಿಂದೆಯೇ ಅಟೆಂಡರ್ ಹೊಸ ಬೀಗ ಹಿಡಿದು ಓಡಿ ಬಂದ.

"ಅಕ್ಕಾ, ಬೀಗ ಜಡಿ ಅಂದಿದಾರೆ. ನೀವು ಒಳಗೆ ಹೋಗ್ಬೇಡಿ, ನಂಗೆ ಬೈತಾರೆ."

"ಅಕ್ಕ ಮಾತು ಕೇಳಲಿಲ್ಲ ಅಂತ ಹೇಳಪ್ಪ."

ಪ್ರಯೋಗಾಲಯದಲ್ಲಿ ಒಂಬತ್ತು ಜನರೂ ಎದ್ದು ನಿಂತರು. ಇವರ ಅಪ್ಪ ಅಮ್ಮಂದಿರಿಗೆ ಅವರವರ ಬಾಗಿಲಲ್ಲೇ ನಿಂತು ಮಾತು ಕೊಟ್ಟಿದ್ದೆ, ಮೂರು ವರ್ಷ ಓದಿಸುವ ಹೊಣೆ ನನ್ನದು ಎಂದು. ಕೊಟ್ಟ ಮಾತು ನನ್ನದು, ದುಡ್ಡು ಸರ್ಕಾರದ್ದು. ಬಾಗಿಲ ಚಿಲಕವನ್ನು ಒಳಗಿನಿಂದ ಹಾಕಿ, ಬೀರು ತೆರೆದು ಒಂದು ಕಪ್ಪು ಕಲ್ಲು ತೆಗೆದೆ. ಮುಂದಿನ ಬೆಂಚಿನ ಹುಡುಗಿ ಎರಡೂ ಕೈ ಚಾಚಿದಳು.

"ಭಾರ ಇದೆ ಮೇಡಂ. ಯಾರ ತಲೆಗೆ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆಗಲೇ ಬಾಗಿಲು ಬಡಿಯತೊಡಗಿದರು. ಪ್ರಿನ್ಸಿಪಾಲರದೇ ದನಿ.

"ಯಾರೂ ಏಳಬೇಡಿ" ಎಂದೆ. "ಕಲ್ಲನ್ನ ಬೆಳಕಿಗೆ ಹಿಡಿದು ನೋಡಿ. ಏನೇನು ಕಾಣುತ್ತೆ, ಒಬ್ಬೊಬ್ಬರಾಗಿ ಹೇಳಿ. ಜೋರಾಗಿ ಹೇಳಿ, ಆಚೆಗೂ ಕೇಳಲಿ."