ಮಾದಿ ಕೋವಿ ಹಾರಿಸಿದ್ದೇಕೆ

ಗಂಡು ಹುಟ್ಟಿದರೆ ಆ ಸೀಮೆಯಲ್ಲಿ ಅಂಗಳದಿಂದ ಒಂದು ಗುಂಡು ಹಾರಿಸುತ್ತಿದ್ದರು. ಹೆಣ್ಣಾದರೆ ಕಂಚಿನ ತಟ್ಟೆ ಬಡಿದು ಸುಮ್ಮನಾಗುತ್ತಿದ್ದರು. ಅಮ್ಮತ್ತಿ ಹತ್ತಿರದ ಪೊನ್ನಪ್ಪನ ಮನೆಯಲ್ಲಿ ಮೊನ್ನೆ ತಟ್ಟೆಯೂ ಬಡಿಯಿತು, ಗುಂಡೂ ಹಾರಿತು. ಹುಟ್ಟಿದ್ದು ಹೆಣ್ಣು.

ಗುಂಡಿನ ಸದ್ದು ಕೇಳಿ ಊರಿಗೆ ಊರೇ ನಗುತ್ತಾ ಬಂದು, ತೊಟ್ಟಿಲು ನೋಡಿ, ಇನ್ನೂ ಜೋರಾಗಿ ನಗುತ್ತಾ ಹೋಯಿತು. ಪೊನ್ನಪ್ಪನಿಗೆ ತಲೆ ಎತ್ತಲಾಗದ ಹಾಗಾಯಿತು. ಮಗ ಹುಟ್ಟುತ್ತಾನೆಂದು ಮದ್ದು ತುಂಬಿ ಗೋಡೆಗೆ ತೂಗುಹಾಕಿದ್ದ ಕೋವಿಯನ್ನು ಹಾರಿಸಿದವಳು ಸೂಲಗಿತ್ತಿ ಮಾದಿ. ಲೈಸೆನ್ಸಿನ ಹಂಗಿಲ್ಲದೆ ಕೋವಿ ಇಡುವ ಹಕ್ಕು ಕೊಡವರಾದ ಮನೆಯವರಿಗಿತ್ತೇ ಹೊರತು ಅವಳಿಗೆಲ್ಲಿ? ಅವನು ನಾಡಿನ ಕಂದಾಯ, ತಕರಾರು ನೋಡಿಕೊಳ್ಳುವ ಪಾರುಪತ್ಯಗಾರರಿಗೆ ದೂರು ಕೊಟ್ಟ.

ಪಾರುಪತ್ಯಗಾರ ತಿಮ್ಮಪ್ಪಯ್ಯ ಕೊಡಗು ರಾಜ್ಯದ ಹೊಸ ಫಾರಂ ಹಿಡಿದು ಬಂದರು. ಜೊತೆಗೆ ಮಗಳು ವೇದಾವತಿ. ಬಾಣಂತಿಯ ಕೋಣೆಗೆ ಗಂಡಸರು ಹೋಗುವಂತಿಲ್ಲ, ಅಲ್ಲಿನ ಹೇಳಿಕೆಯನ್ನು ಅವಳೇ ಕೇಳಿ ಬರಬೇಕು. ಮನುಷ್ಯರು ಅಪರಾಧವನ್ನೇಕೆ ಮಾಡುತ್ತಾರೆ ಎಂಬ ದಪ್ಪ ಪುಸ್ತಕವೊಂದನ್ನು ಅಪ್ಪಯ್ಯ ತರಿಸಿದ್ದರು, ಅದನ್ನು ಅವರಿಗಿಂತ ಮೊದಲು ಓದಿ ಮುಗಿಸಿದ್ದವಳು ಅವಳು. ಅಪರಾಧಿಯೊಬ್ಬಳನ್ನು ಕಣ್ಣಾರೆ ಕಾಣುತ್ತಿದ್ದುದು ಮಾತ್ರ ಇದೇ ಮೊದಲು.

ಮಾದಿ ಜಗಲಿಯ ಕಂಬಕ್ಕೊರಗಿ ವೀಳ್ಯ ಜಗಿಯುತ್ತಿದ್ದಳು.

"ಯಾಕೆ ಹೊಡ್ದೆ?" ಎಂದರು ತಿಮ್ಮಪ್ಪಯ್ಯ.

"ತೆಗ್ದೆ, ಹೊಡ್ದೆ. ಜೈಲಿಗೆ ಬೇಕಾರೆ ಕಳ್ಸಿ ಸ್ವಾಮಿ."

"ಸೀರೆ ಆಸೆ!" ಪೊನ್ನಪ್ಪ ಸಿಡುಕಿದ. "ಗಂಡಾದ್ರೆ ಸೂಲಗಿತ್ತಿಗೆ ಸೀರೆ ಕೊಡೋದಲ್ವಾ?"

"ಸೀರೆ ಕೊಡೋರಿಗೆ ಮಗು ನೋಡಕ್ಕೆ ಕಣ್ಣಿರಲ್ವಾ ಯಜಮಾನ್ರೇ?" ಎಂದಳು ಮಾದಿ.

ತಿಮ್ಮಪ್ಪಯ್ಯ ಮಗಳ ಕಿವಿಯ ಬಳಿ ಬಾಗಿದರು. "ವರ್ಷಗಟ್ಟಲೆ ಅದುಮಿಟ್ಟ ಸಿಟ್ಟಿರಬೇಕು ಕಣೆ. ಪುಸ್ತಕದಲ್ಲಿ ಇದೆ."

ಸಿಟ್ಟೇ? ವೇದಾವತಿ ಮಾದಿಯ ಮುಖ ನೋಡಿದಳು. ಆಸೆ, ಸಿಟ್ಟು, ಹಸಿವು, ಹೊಟ್ಟೆಕಿಚ್ಚು, ಪುಸ್ತಕ ಹೇಳಿದ್ದನ್ನೆಲ್ಲ ಒಂದೊಂದಾಗಿ ಆ ಮುಖದ ಮೇಲೆ ಇಟ್ಟು ನೋಡಿದಳು. ಯಾವುದೂ ನಿಲ್ಲಲಿಲ್ಲ. ಜೈಲೆಂದರೆ ಹೆದರದ ಹೆಂಗಸು, ಕೋಣೆಯೊಳಗೆ ಮಗು ಕುಂಯ್ ಎಂದಾಗಲೆಲ್ಲ ಜಗಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಕೋಣೆಯಲ್ಲಿ ಪೊನ್ನಪ್ಪನ ಹೆಂಡತಿ ಬೊಳ್ಳಮ್ಮ ಮಗುವನ್ನು ಎದೆಗವಚಿಕೊಂಡು ಮಲಗಿದ್ದಳು.

"ಅಕ್ಕಾ, ಮಾದಿಯನ್ನು ಇವತ್ತೇ ಠಾಣೆಗೆ ಕಳಿಸ್ತಾರೆ. ಯಾಕೆ ಅಂತ ಅವಳು ಬಾಯೇ ಬಿಡ್ತಿಲ್ಲ."

"ಬಿಡಲ್ಲ ಅವ್ಳು." ಬೊಳ್ಳಮ್ಮ ಗೋಡೆಯತ್ತ ತಿರುಗಿದಳು. "ಆಣೆ ಹಾಕಿಸ್ಕೊಂಡಿದ್ದೀನಿ."

ವೇದಾವತಿ ಕದಲದೆ ಕುಳಿತಳು. ಕಥೆ ಕೇಳಲು ಕುಳಿತವಳ ಹಾಗೆ.

"ಹುಟ್ಟಿದಾಗ ಇವ್ಳು ಅಳ್ಲಿಲ್ಲ," ಎಂದಳು ಬೊಳ್ಳಮ್ಮ ಕೊನೆಗೆ. "ನೀಲಿ ಆಗಿದ್ಲು. ಮಾದಿ ಬಾಯಿಗೆ ಬಾಯಿಟ್ಟು ಊದಿದ್ಲು, ತಣ್ಣೀರು ಹಾಕಿದ್ಲು, ಕಿವಿ ಹತ್ರ ತಟ್ಟೆ ಬಡಿದ್ಲು. ಏನೂ ಇಲ್ಲ. ಆಮೇಲೆ ಓಡಿಹೋಗಿ ಕೋವಿ ತಂದು, ಇದೇ ಕಿಟಕಿಯಿಂದ ಹೊರಗೆ ಹೊಡ್ದೇ ಬಿಟ್ಲು. ಮಗು ಬೆಚ್ಚಿಬಿದ್ದು ಅಳ್ತು ನೋಡು!"

"ಇದನ್ನೇ ಹೇಳಬಹುದಲ್ಲ ಅಕ್ಕಾ?"

"ಗೊತ್ತಾದ್ರೆ ಸತ್ತು ಹುಟ್ಟಿದ್ದು ಅಂತಾರೆ ನಮ್ಮತ್ತೆ. ಬದುಕಿರೋ ತನ್ಕ ಅದೇ ಹೆಸ್ರು. ಯಾರು ಮದ್ವೆ ಆಗ್ತಾರೆ ಹೇಳು?"

"ಹಂಗಾದ್ರೆ ಕೆಟ್ಟ ಹೆಸರು ಈಗ ಮಾದಿಗೆ."

ಬೊಳ್ಳಮ್ಮ ಗೋಡೆ ಹಿಡಿದು ಎದ್ದಳು. ಮೂರು ದಿನದ ಬಾಣಂತಿ, ಮಗುವನ್ನೆತ್ತಿಕೊಂಡು, ದಾಟಬಾರದ ಹೊಸಿಲು ದಾಟಿ ಜಗಲಿಗೆ ಬಂದಳು.

"ಹಾರಿಸಿದ್ದು ನಾನು."

"ನೀನಾ?" ಪೊನ್ನಪ್ಪ ಬೆಪ್ಪಾದ. "ಎದ್ದು ಕೂರಕ್ಕೂ ಆಗದವ್ಳು?"

"ಮಗಳು ಹುಟ್ಟಿದ ಖುಷಿ. ಯಾಕೆ, ಮನೆ ಕೋವಿ ನಾನು ಮುಟ್ಟಬಾರದಾ?"

ಮುಟ್ಟಬಹುದಿತ್ತು. ಮನೆಯವಳ ಕೈಗೆ ಅಡ್ಡ ಬರುವ ಕಾನೂನು ತಿಮ್ಮಪ್ಪಯ್ಯನವರಿಗೆ ಗೊತ್ತಿದ್ದ ಮಟ್ಟಿಗೆ ಯಾವುದೂ ಇರಲಿಲ್ಲ. ಅವರು ಪೆನ್ನು ಮುಚ್ಚಿದರು. ಪೊನ್ನಪ್ಪ ಹೆಂಡತಿಯನ್ನು ನೋಡಿದ, ಮಾದಿಯನ್ನು ನೋಡಿದ. ಅಷ್ಟರಲ್ಲಿ ಮಗು ಜಗಲಿಯ ಸೂರು ಹಾರಿಹೋಗುವಂತೆ ಚೀರಿತು.

"ಗಂಟಲು ನೋಡು ಇವಳ್ದು," ಎಂದು ಗೊಣಗಿದ. ಮತ್ತೆ ಮಾದಿಯತ್ತ ತಿರುಗದೆಯೇ, "ನಿಂತು ಏನ್ ನೋಡ್ತೀಯ? ನೀರು ಕಾಯ್ಸು ಹೋಗು, ಮಗು ಮೀಯ್ಸೋ ಹೊತ್ತಾಯ್ತು."

ವಾಪಸು ಬರುವಾಗ ಕಾಫಿ ತೋಟದ ದಾರಿಯಲ್ಲಿ ತಿಮ್ಮಪ್ಪಯ್ಯ ನಿಂತರು. "ಹೆತ್ತ ಕೂಡಲೇ ಎದ್ದು ಕೋವಿ ಹೊಡೆದಳಂತೆ. ನಂಬ್ತೀಯೇನೆ?"

"ನಂಬ್ತೀನಿ ಅಪ್ಪಯ್ಯ."

ಹುಟ್ಟಿದಾಗಿನಿಂದ ಅವಳು ಅಪ್ಪಯ್ಯನಿಗೆ ಸುಳ್ಳು ಹೇಳಿದವಳಲ್ಲ. ಇದು ಎಷ್ಟು ಸಲೀಸಾಗಿ ಬಂದುಬಿಟ್ಟಿತಲ್ಲ ಎಂದು ಮನೆ ಮುಟ್ಟುವವರೆಗೂ ಅವಳಿಗೆ ಒಂದೇ ಸೋಜಿಗ.